ರೈಲು ತಡೆಯಲು ಹೋದದ್ದು

ನಾನು ಚಿಕ್ಕವನಿದ್ದಾಗ ಮಲ್ಲಿಪಟ್ಟಣದ ಕಡೆಗೆ ಇದ್ದದ್ದು ಒಂದೇ ಬಸ್ಸು. ಬೆಳಿಗ್ಗೆ ಅರಕಲಗೂಡಿಗೆ ಹೋದರೆ ಸಂಜೆ ವಾಪಸು. ಒಳಗೆ ಬೀಡಿ ಹೊಗೆ, ಕೋಳಿ ಹಿಕ್ಕೆ, ಡೀಸೆಲ್ ವಾಸನೆ, ಯಾರದೋ ವಾಂತಿ. ಇದ್ದದ್ದು ಒಂದೇ ಆದರೂ ಆ ಬಸ್ಸು ಹಿಡಿಯಲು ಯಾರೂ ಓಡುತ್ತಿರಲಿಲ್ಲ. ಮನೆಯ ಹುಡುಗನನ್ನು ಮುಂದೆ ಕಳಿಸಿ ತಡೆಯುತ್ತಿದ್ದರು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ರಸ್ತೆ ಮಧ್ಯೆ ಕೈ ಅಗಲಿಸಿ ನಿಂತರೆ ಡ್ರೈವರ್ ಕರಿಯಣ್ಣ ತಲೆ ಹೊರಗೆ ಹಾಕುತ್ತಿದ್ದ.

"ಯಾರ್ಲಾ ಬರೋದು?"

"ನಮ್ಮವ್ವ. ಸೀರೆ ಉಡ್ತಾವ್ಳೆ."

"ಉಟ್ಕಂಡೇ ಬರ್ಲಿ ಬುಡು. ಉಡ್ದೇ ಬಂದ್ರೆ ನಂಗೂ ಕಷ್ಟ."

ತಲೆಯಾಡಿಸಿ ಬೀಡಿ ಹಚ್ಚುತ್ತಿದ್ದ. ಅವನು ತಲೆಯಾಡಿಸಿದ ಮೇಲೆ ಬಸ್ಸು ಕದಲುತ್ತಿರಲಿಲ್ಲ. ಒಳಗಿದ್ದವರೂ ಗೊಣಗುತ್ತಿರಲಿಲ್ಲ. ನಾಳೆ ಅವರ ಮನೆಯವರಿಗೂ ಅದು ನಿಲ್ಲಬೇಕಲ್ಲ.

ನನಗೆ ಹತ್ತು ತುಂಬಿದ ಸುಗ್ಗಿಯಲ್ಲಿ ಅಕ್ಕನಿಗೆ ಮೈಸೂರಿನಿಂದ ಕಾಗದ ಬಂತು. ಅಕ್ಕ ಜಯಮ್ಮ ಮಿಡ್ಲ್ ಸ್ಕೂಲ್ ಪಾಸು ಮಾಡಿದ್ದಳು. ಸ್ಕೂಲಿನ ಮೇಷ್ಟ್ರು ಅವಳಿಂದ ಹೆರಿಗೆ ನರ್ಸ್ ತರಬೇತಿಗೆ ಅರ್ಜಿ ಹಾಕಿಸಿದ್ದರು. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಆಸ್ಪತ್ರೆಗೆ ಬರಬೇಕು, ತಡವಾಗಿ ಬಂದವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಕಾಗದದಲ್ಲಿತ್ತು. ಅವ್ವ ಅಷ್ಟರಲ್ಲಿ ಗೊರೂರಿನ ಆಚೆ ಒಂದು ಗಂಡು ನೋಡಿ ಇಟ್ಟಿದ್ದಳು. ಅಕ್ಕ ಎರಡು ದಿನ ಊಟ ಬಿಟ್ಟಳು.

ಮೂರನೇ ದಿನ ಅವ್ವ ಹೇಳಿದಳು, "ಇದೊಂದ್ಸಲ ಓಗ್ಬುಟ್ಟು ಬಾ. ತಕಂಡ್ರೆ ಓದ್ಕ. ತಕನ್ನಿಲ್ವಾ, ನಾನ್ ಏಳ್ದೋರ್ಗೆ ಕತ್ತು ಕೊಡ್ಬೇಕು."

"ಊಂ ಕಣವ್ವ," ಅಂದಳು ಅಕ್ಕ.

ಅಪ್ಪ ತೀರಿಹೋಗಿದ್ದ. ಸೋದರಮಾವ ಜೊತೆಗೆ ಹೊರಟ. ಅಕ್ಕ ನನ್ನನ್ನೂ ಎಳೆದುಕೊಂಡಳು. ಮೂವರಲ್ಲಿ ಯಾರೂ ರೈಲು ಹತ್ತಿದವರಲ್ಲ.

ಭಾನುವಾರ ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಮಧ್ಯಾಹ್ನ ಹೊಳೆನರಸೀಪುರದ ಸ್ಟೇಷನ್ ಸೇರಿದೆವು. ಮೈಸೂರು ರೈಲು ನಿಂತೇ ಇತ್ತು. ಎದುರು ಗಾಡಿ ಬಂದ ಮೇಲೆ ಬಿಡುತ್ತಾರಂತೆ. ಮಾವ ಟಿಕೀಟು ತಂದ. ಆಮೇಲೆ ಸ್ಟೇಷನ್ ಹೊರಗಿನ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದ. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ.

"ಅತ್ತಿ ಕೂತ್ಕಳಾಣ ಮಾವ," ಅಂದಳು ಅಕ್ಕ.

"ಅಲ್ ತಿಂದ್ರೆ ರೊಟ್ಟಿ ಮ್ಯಾಲೆಲ್ಲಾ ಇಂಜಿನ್ ಕರಿ ಬೀಳ್ತದೆ ಕಣಮ್ಮಿ. ಎಲ್ಲಿಗ್ ಓಯ್ತದೆ ಅದು?" ಮಾವ ನನ್ನ ಕಡೆ ತಿರುಗಿದ. "ಲೇ, ಓಗ್ಲಾ, ರೈಲ್ ತಡ್ದು ಬಾ."

ಓಡಿದೆ. ಇಂಜಿನ್ ಹತ್ತಿರ ಹೋದರೆ ಮುಖ ಸುಡುವ ಶಾಖ. ಡ್ರೈವರ್ ಮೇಲೆ ನಿಂತು ಕೈ ಒರೆಸಿಕೊಳ್ಳುತ್ತಿದ್ದ. ಕೈ ಅಗಲಿಸಿ ಕಿರುಚಿದೆ.

"ಸಾ! ನಮ್ಮಕ್ಕ ರೊಟ್ಟಿ ತಿಂತಾವ್ಳೆ! ತಡೀರಿ ಸಾ!"

ಆವಿ ಬುಸ್ ಅನ್ನುತ್ತಿತ್ತು. ಡ್ರೈವರ್ ತಲೆಯಾಡಿಸಿದ. ನನಗೆ ಆಡಿಸಿದನೋ, ಹಿಂದೆ ಕಲ್ಲಿದ್ದಲು ಎಸೆಯುತ್ತಿದ್ದವನಿಗೆ ಆಡಿಸಿದನೋ ತಿಳಿಯಲಿಲ್ಲ. ಇನ್ನೊಂದು ಸಲ ಕೇಳಲು ಹೆದರಿಕೆಯಾಯಿತು. ವಾಪಸು ಬಂದೆ.

"ತಡ್ದೆ," ಅಂದೆ.

ಅಕ್ಕ ನನ್ನ ಮುಖ ನೋಡಿದಳು. "ದಿಟ್ವಾಗ್ಲೂ ಊಂ ಅಂದ್ರೇನ್ಲಾ?"

"ಊಂ ಕಣಕ್ಕ. ತಲೆ ಆಡುಸ್ದ್ರು."

"ನೋಡ್ದಾ? ನನ್ನಳಿಯ ರೈಲ್ನೇ ನಿಲ್ಸವ್ನೆ!" ಮಾವ ತೊಡೆ ತಟ್ಟಿದ. "ಕೂತ್ಕ, ಇನ್ನೊಂದ್ ರೊಟ್ಟಿ ಆಕ್ಕ."

ಅಕ್ಕ ಕೂತಳು. ಮಾವ ಹೇಳಿದಾಗ ಕೂತಿರಲಿಲ್ಲ. ನಾನು ಹೇಳಿದ ಮೇಲೆ ಕೂತಳು.

ಎದುರು ಗಾಡಿ ಬಂತು. ಮಾವ ಕೈ ತೊಳೆಯುತ್ತಿದ್ದಾಗ ಸಿಳ್ಳೆ ಕೇಳಿಸಿತು. ಮೂವರೂ ಓಡಿದೆವು. ನಮ್ಮ ರೈಲು ಆಗಲೇ ಉರುಳುತ್ತಿತ್ತು. ಮಾವ ಟವಲ್ ಬೀಸುತ್ತಾ ಕೂಗಿದ, "ಓಯ್! ತಡಿಯಪ್ಪೋ! ಟಿಕೀಟ್ ತಕಂಡಿವಿ ಕಣೋ!"

ಮೂಟೆ ಹೊರುವವನೊಬ್ಬ ಕುಕ್ಕರಗಾಲಲ್ಲಿ ಕೂತು ನಕ್ಕ. "ಮುಂದ್ಲೂರಲ್ಲಿ ಕಾಯ್ತದೆ ಯಜಮಾನ್ರೆ. ನಿಧಾನಕ್ ನಡ್ಕಂಡ್ ಬನ್ನಿ."

ಅಕ್ಕ ಪ್ಲಾಟ್‌ಫಾರಂ ಮುಗಿಯುವ ತನಕ ಓಡಿದಳು. ಕೊನೆಯ ಡಬ್ಬಿ ದಾಟಿಹೋಯಿತು. ಅವಳ ಕೈಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು. ಅವಳು ಅಳಲಿಲ್ಲ. ನನ್ನನ್ನು ಬಯ್ಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ದಿನ ಮೈಸೂರಿಗೆ ಬೇರೆ ಗಾಡಿ ಇರಲಿಲ್ಲ. ಮಾರನೇ ದಿನ ಬೆಳಗಿನ ರೈಲು ಹಿಡಿದು ಆಸ್ಪತ್ರೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಬಾಗಿಲಲ್ಲಿದ್ದವನು ಕಾಗದ ನೋಡಿದ. "ಎಂಟು ಗಂಟೆ ಅಂತ ಬರ್ದಿದೆಯಲ್ಲಮ್ಮ. ಎಲ್ಲಾ ಮುಗೀತು." ಮಾವ ರೊಟ್ಟಿ ಕತೆ ತೆಗೆದ. ಅಕ್ಕ ಅವನ ಕೈ ಹಿಡಿದು, "ಬುಡು ಮಾವ, ನಡಿ," ಅಂದಳು. ಅವ್ವನಿಗೆ ಕೊಟ್ಟ ಮಾತಿನಂತೆ ಆ ಬೇಸಿಗೆಯಲ್ಲೇ ಮದುವೆಯಾದಳು.

ಈಗ ನಮ್ಮ ಕಡೆಗೂ ನಾಲ್ಕು ಬಸ್ಸಿವೆ. ಕಂಡಕ್ಟರ್ ಸೀಟಿ ಊದಿದರೆ ಮುಗಿಯಿತು, ಬಸುರಿಗೂ ಕಾಯುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮುದುಕರು ಕರಿಯಣ್ಣನ ಬಸ್ಸಿನ ಸುದ್ದಿ ತೆಗೆದು ಲೊಚಗುಟ್ಟುತ್ತಾರೆ. ಒಳ್ಳೆಯ ಬಸ್ಸೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಮಾತು ಶುರುವಾದರೆ ನಾನು ಎದ್ದು ಆಚೆ ಹೋಗುತ್ತೇನೆ. ಸಾಕಾಗಿದೆ.

ಹೋದ ತಿಂಗಳು ಅಕ್ಕನ ಊರಿಗೆ ಹೋಗಿದ್ದೆ. ಅವಳ ವಾರಗಿತ್ತಿಗೆ ಆಗಷ್ಟೇ ಹೆರಿಗೆಯಾಗಿತ್ತು. ನೋವು ಜಾಸ್ತಿಯಾಗಿ ಹಾಸನದಿಂದ ನರ್ಸ್ ಕರೆಸಿದ್ದರಂತೆ. ಆ ನರ್ಸಿಗೆ ಹೆಚ್ಚುಕಮ್ಮಿ ಅಕ್ಕನದೇ ವಯಸ್ಸಂತೆ, ಬಿಳಿ ಸೀರೆ. ರಾತ್ರಿಯೆಲ್ಲ ಅಕ್ಕ ಬಸುರಿಯ ಬೆನ್ನು ಹಿಡಿದು ಕೂತಿದ್ದಳಂತೆ. ಪಾತ್ರೆ ಬೆಳಗುತ್ತಾ ಹೇಳಿದಳು.

"ಮಗ ಅತ್ತ ಮ್ಯಾಲೆ ಆವಮ್ಮ ನನ್ ಕೇಳುದ್ಲು ಕಣ್ಲಾ. 'ನಿಮ್ ಕೈ ಚೆನ್ನಾಗಿದೆ, ಎಲ್ಲಿ ಟ್ರೈನಿಂಗ್ ಆಗಿದ್ದು?' ಅಂದ್ಲು."

"ನೀನೇನಂದೆ?"

ಅಕ್ಕ ಪಾತ್ರೆ ಬೋರಲು ಹಾಕಿದಳು.

"'ಬಿಸ್ನೀರ್ ಕಾದದೆ, ತತ್ತೀನಿ' ಅಂದೆ."