ಬೀಸಣಿಗೆ ಹಿಡಿದು ನಿಂತ ಅತ್ತೆ, ಬಂದೂಕು ಹಿಡಿದು ಕೂತ ಅಳಿಯ

"ಅತ್ತೆ, ನಾನೀಗ ಎದ್ರೆ ನಾಲ್ಕು ಜನ ಸಾಯ್ತಾರೆ!"

ಟೀವಿ ಮೇಲಿನ ಕಣ್ಣು ಕೀಳದೆ ಹೀಗೆಂದವರು ಕೋಲ್ಕತ್ತಾದ ಸೆಕ್ಟರ್ ಫೈವ್‌ನ ಐಟಿ ಕಂಪನಿಯಲ್ಲಿ ಮ್ಯಾನೇಜರ್ ಆಗಿರುವ, ಅರ್ಧ ತಲೆ ನರೆತ ನಮ್ಮ ಅಳಿಯಂದಿರು. ಅಂದು ಜಮಾಯಿ ಷಷ್ಠಿ. ಅತ್ತೆಯಾದವಳು ಅಳಿಯನಿಗೆ ಬೀಸಣಿಗೆ ಬೀಸಿ ಹಬ್ಬದೂಟ ಬಡಿಸುವ ಬಂಗಾಳಿಗಳ ಈ ಪದ್ಧತಿಯನ್ನು ಕೋಲ್ಕತ್ತಾಗೆ ಬಂದ ಮೇಲೆ ನಾನೂ ಆಸೆಯಿಂದ ಕಲಿತಿದ್ದೆ. ತಾಳೆಗರಿಯ ಬೀಸಣಿಗೆ ಹಿಡಿದು ನಾನು ಪೆದ್ದಿಯಂತೆ ನಿಂತಿದ್ದರೆ, ಟೇಬಲ್ ಮೇಲೆ ಮೈದಾ ಪೂರಿಯಂಥ ಲೂಚಿ ತಣ್ಣಗಾಗುತ್ತಿತ್ತು. ಅವರೋ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ವಿಡಿಯೋ ಗೇಮಿನ ಸುಳ್ಳು ಬಂದೂಕಿನಿಂದ ಸುಳ್ಳು ಶತ್ರುಗಳನ್ನು ಹೊಡೆಯುತ್ತಿದ್ದರು. ಹೌ ರಿಡಿಕ್ಯುಲಸ್! ನಮ್ಮ ಕಾನ್ವೆಂಟಿನಲ್ಲಿ ಆಟಕ್ಕೂ ಒಂದು ಬೆಲ್ ಇತ್ತು. ಬೆಲ್ ಆದ ಮೇಲೆ ಚೆಂಡು ಮುಟ್ಟಿದರೆ ಸಿಸ್ಟರ್ ಬಿಡುತ್ತಿರಲಿಲ್ಲ.

"ಇನಫ್! ಊಟಕ್ಕೆ ಏಳಿ ಮಹಾರಾಯರೇ," ಎಂದು ಹೆಡ್‌ಫೋನನ್ನೇ ಕಿತ್ತುಕೊಂಡೆ. ಒಳಗಿನಿಂದ ಅವರ ಕಾಲೇಜು ಗೆಳೆಯನ ದನಿ, ಬೆಂಗಳೂರಿನಿಂದ: "ಹೋಗಿ ಊಟ ಮಾಡ್ಕೊಂಡ್ ಬಾರೋ. ನೀನಿಲ್ದೆ ಮುಂದಿನ ಗೇಮ್ ಶುರು ಮಾಡಲ್ಲ, ಕಾಯ್ತೀವಿ."

ಬೀಸಣಿಗೆ ಬೀಸಿದೆ, ಬಡಿಸಿದೆ. ಆ ಆಟ ನನಗೆ ಇವತ್ತಿಗೂ ಅಪ್ಪಟ ನಾನ್‌ಸೆನ್ಸೇ. ಆದರೆ ಗಬಗಬನೆ ಲೂಚಿ ನುಂಗುತ್ತಿದ್ದ ಅವರನ್ನು ನೋಡುತ್ತಾ ನನಗೆ ಹೊಟ್ಟೆಕಿಚ್ಚಾಯಿತು. ಕಾನ್ವೆಂಟಿನ ನೆಟ್‌ಬಾಲ್ ಕೋರ್ಟಿನಿಂದ "ಬೇಗ ಬಾರೇ, ಕಾಯ್ತಿದೀವಿ" ಎಂದು ನನ್ನನ್ನು ಕೂಗಿದವರ ದನಿ ಕೇಳಿ ಎಷ್ಟು ಕಾಲವಾಯಿತು!