ಮುರಿಯದೆ ಬಿಚ್ಚಿಕೊಡಲಾಗುವುದು

"ನಲವತ್ತು ವರ್ಷ ಆಯ್ತು. ಈ ಕೈಯಲ್ಲಿ ಒಂದು ಕ್ಲಿಪ್ಪು ಮುರಿದಿಲ್ಲ, ಒಂದು ಪ್ಯಾನಲ್ಲು ಸೀಳಿಲ್ಲ. ಮೊಟ್ಟೆಗೇ ಗೊತ್ತಾಗದ ಹಾಗೆ ಚಿಪ್ಪು ಬಿಚ್ಚಿ ವಾಪಸ್ ಹಾಕ್ತೀನಿ. ಬೇಕಾದ್ರೆ ಕೋಳೀನ ಕೇಳಿ!"

ಬೆಣ್ಣೆಕೈ ಈ ಮಾತನ್ನು ದಿನಕ್ಕೆ ಆರು ಸಲ ಹೇಳುತ್ತಿದ್ದ. ಗಿರಾಕಿ ಬರದ ದಿನ ಒಂಬತ್ತು ಸಲ. ಕೋಳಿಯನ್ನು ಕೇಳಲು ಯಾರೂ ಹೋಗಲಿಲ್ಲವಾದ್ದರಿಂದ ಮಾತು ಹಾಗೆಯೇ ಊರಿಕೊಂಡಿತು. ಬೆಣ್ಣೆಕೈ ಎಂಬ ಹೆಸರೂ ತಾನಾಗಿ ಬಂದದ್ದಲ್ಲ. ಅವನೇ ಇಟ್ಟುಕೊಂಡು, ಜನರಿಗೆ ಅಭ್ಯಾಸವಾಗುವ ತನಕ ಬೇರೆ ಹೆಸರಿಗೆ ಓಗೊಡದೆ ಕೂತಿದ್ದ.

ಹಳೇ ಕಾರುಗಳ ಒಳಮೈ ಬಿಚ್ಚಿ, ಹೊಲಿದು, ಮತ್ತೆ ಕೂರಿಸುವುದು ಅವನ ಕಸುಬು. ಹೊಲಿಯುವ ಭಾಗವನ್ನು ತಗಡಿನ ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹೆಂಡತಿ ಮಾಡುತ್ತಿದ್ದಳು. ಹೆಗ್ಗಳಿಕೆಯ ಭಾಗ ಇವನದು. ಬಾಗಿಲ ಮೇಲೆ ಹಳದಿ ಪ್ಲಾಸ್ಟಿಕ್ ಬೋರ್ಡು: ‘ಮುರಿಯದೆ ಬಿಚ್ಚಿಕೊಡಲಾಗುವುದು’. ಆ ಬೋರ್ಡು ಇಳಿದರೆ ಮಾರನೆಯ ದಿನದಿಂದ ತಾನು ಬರೀ ಸೀಟು ಹೊಲಿಯುವವಳ ಗಂಡ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎದುರು ಅಂಗಡಿ ಹೆಂಡತಿಯ ತಮ್ಮನದು. ಇವನ ಕೈಕೆಳಗೇ ಮೂರು ವರ್ಷ ಕಲಿತವನು. ಅವನು ಕಾರಿನ ಬಾಗಿಲಿನ ಒಳಹೊದಿಕೆಯ ಪ್ಯಾನಲ್ಲಿಗೆ ಕೈ ಹಾಕಿದರೆ ಹೊರಡುವ ಸದ್ದಿಗೆ ಮೂರು ಬೀದಿಯ ಕಾಗೆಗಳು ಒಟ್ಟಿಗೆ ಏಳುತ್ತಿದ್ದವು. ಅದಕ್ಕೇ ಅವನನ್ನು ಎಲ್ಲರೂ ಪಟಾಕಿ ಎನ್ನುತ್ತಿದ್ದರು.

ಒಂದು ಬೆಳಗ್ಗೆ ನಿವೃತ್ತ ನರ್ಸಮ್ಮ ತನ್ನ ಮೂವತ್ತು ವರ್ಷದ ಕಾರು ತಂದು ನಿಲ್ಲಿಸಿದಳು. ಡ್ರೈವರ್ ಕಡೆಯ ಗಾಜು ಬಾಗಿಲಿನ ಹೊಟ್ಟೆಯೊಳಗೆ ಬಿದ್ದುಹೋಗಿತ್ತು. ಅದನ್ನು ಎತ್ತಬೇಕಾದರೆ ಪ್ಯಾನಲ್ಲು ಬಿಚ್ಚಬೇಕು. ಪ್ಯಾನಲ್ಲೋ, ಉಸಿರು ಬಿಟ್ಟರೆ ಪುಡಿಯಾಗುವ ಹಪ್ಪಳ. ಅಂಥದ್ದು ಇನ್ನೊಂದು ಸಿಗುವುದಿರಲಿ, ಆ ಕಾರನ್ನು ಮಾಡಿದ ಕಂಪನಿಗೇ ತಾನು ಅದನ್ನು ಮಾಡಿದ್ದು ನೆನಪಿರಲಿಲ್ಲ.

ಪಟಾಕಿ ರಸ್ತೆ ದಾಟಿ ಬಂದ. "ಭಾವ, ಇದು ನಿಮ್ಮ ಕೈಲೂ ಆಗಲ್ಲ. ಬೋರ್ಡು ಇವತ್ತೇ ಇಳಿಸಿಬಿಡಿ, ಮರ್ಯಾದೆ ಉಳಿಯುತ್ತೆ."

"ಲೋ, ಈ ಬಾಗಿಲಲ್ಲಿ ನನ್ನ ಕೈಯಿಂದ ಆದ ಒಂದೇ ಒಂದು ಬಿರುಕು ತೋರಿಸು, ಬೋರ್ಡು ಇಳಿಸ್ತೀನಿ. ತೋರಿಸದಿದ್ರೆ ನೀನು ಅಂಗಡಿ ಮುಚ್ಚಿ ಮತ್ತೆ ನನ್ನ ಹತ್ರ ಬಂದು ಅ ಆ ಇ ಈಯಿಂದ ಕಲೀಬೇಕು."

"ಆಗಲಿ. ಅಕ್ಕ, ನೀನೇ ಸಾಕ್ಷಿ."

"ನನಗೆ ಕೆಲಸ ಇದೆ," ಎಂದಳು ಅಕ್ಕ, ಯಂತ್ರ ನಿಲ್ಲಿಸದೆ.

ಬೆಣ್ಣೆಕೈ ಕಾರನ್ನು ಬಿಸಿಲಿಗೆ ತಳ್ಳಿ, ಗೋಣಿ ಹಾಸಿಕೊಂಡು ಮಲಗಿದ. ಎರಡು ಗಂಟೆ ಕಳೆಯಿತು. ನರ್ಸಮ್ಮ ಗಡಿಯಾರ ನೋಡಿದಳು, ಅವನನ್ನು ನೋಡಿದಳು, ಕೊನೆಗೆ ಹತ್ತಿರ ಬಂದು ಉಸಿರಾಡುತ್ತಿದ್ದಾನೋ ಎಂದೂ ನೋಡಿದಳು.

"ಹಳೇ ಪ್ಲಾಸ್ಟಿಕ್ಕೂ ಮುದುಕರೂ ಒಂದೇ ನರ್ಸಮ್ಮ," ಎಂದ ಅವನು ಕಣ್ಣು ಬಿಡದೆಯೇ. "ಮೈ ಕಾಯೋ ಮುಂಚೆ ಬಗ್ಗು ಅಂದ್ರೆ ಲಟಕ್ ಅಂತಾರೆ."

ಪ್ಯಾನಲ್ಲು ಮುಟ್ಟಿದರೆ ಕೈ ಬೆಚ್ಚಗಾಗುವಷ್ಟು ಕಾದ ಮೇಲೆ ಎದ್ದ. ಗಾಜು ಏರಿಸುವ ಹಿಡಿಕೆಯ ಹಿಂದೆ ಹರಕು ಬಟ್ಟೆ ತೂರಿಸಿ, ಬೆನ್ನು ಒರೆಸಿದ ಹಾಗೆ ಹಿಂದೆ ಮುಂದೆ ಎಳೆದ. ಒಳಗಿನ ಕ್ಲಿಪ್ಪು ತಾನಾಗಿ ಹೊರಗೆ ಇಣುಕಿತು, ಹಿಡಿಕೆ ಕೈಗೆ ಬಂತು. ಕೈ ಆನಿಸುವ ದಿಂಡಿನ ಕೆಳಗೆ ಅಡಗಿದ್ದ ಎರಡು ಸ್ಕ್ರೂ ಬಿಚ್ಚಿದ. ಆಮೇಲೆ ಬಟ್ಟೆ ಸುತ್ತಿದ ಮರದ ಸೌಟಿನ ಹಿಡಿಯನ್ನು ಅಂಚಿನಲ್ಲಿ ತೂರಿಸಿ, ನಡುವೆ ಎಲ್ಲೂ ಮೀಟದೆ, ಒಂದೊಂದು ಕ್ಲಿಪ್ಪಿನ ಪಕ್ಕಕ್ಕೇ ಹೋಗಿ ಕೂದಲೆಳೆಯಷ್ಟು ಸಡಿಲಿಸುತ್ತ ಬಂದ. ಹನ್ನೊಂದು ಕ್ಲಿಪ್ಪು. ಪ್ರತಿಯೊಂದಕ್ಕೂ ಪಟಾಕಿ ಕಿವಿ ನಿಮಿರಿಸಿದ. ಒಂದು ಕಾಗೆಯೂ ಏಳಲಿಲ್ಲ. ಕೊನೆಗೆ ಪ್ಯಾನಲ್ಲನ್ನು ಮೇಲಕ್ಕೆ ಎತ್ತಿದಾಗ, ನಿದ್ದೆ ಹೋದ ಮಗು ತಾಯಿಯ ಮಡಿಲಿಂದ ಬಂದ ಹಾಗೆ ಬಂತು.

"ನೋಡ್ಕೋ!" ಎಂದು ಬೆಣ್ಣೆಕೈ ಅದನ್ನು ತಲೆಯ ಮೇಲೆತ್ತಿ ಬೀದಿಗೆಲ್ಲ ತೋರಿಸಿದ.

ಪಟಾಕಿ ಅವನ ಬೆನ್ನ ಹಿಂದೆ ನಿಂತಿದ್ದ. ಅವನಿಗೆ ಕಂಡದ್ದು ಪ್ಯಾನಲ್ಲಿನ ಬೆನ್ನು.

"ಭಾವ, ಈ ಗಿಣಿಗಳು ಎಲ್ಲಿಂದ ಬಂದ್ವು?"

ದಿಂಡಿನ ಮರೆಯಲ್ಲಿ, ಮುಂದಿನಿಂದ ಯಾರಿಗೂ ಕಾಣದ ಜಾಗದಲ್ಲಿ, ಗೇಣುದ್ದದ ಬಿರುಕು. ಅದರ ಮೇಲೆ ಗಟ್ಟಿ ಅಂಟು. ಅಂಟಿನ ಮೇಲೆ ಗಿಣಿ ಚಿತ್ರದ ಬಟ್ಟೆಯ ಪಟ್ಟಿ.

ಹೊಲಿಗೆ ಯಂತ್ರ ನಿಂತಿತು. ನಲವತ್ತು ವರ್ಷದಲ್ಲಿ ಅದು ಹಾಗೆ ಅರ್ಧ ಹೊಲಿಗೆಯಲ್ಲಿ ನಿಂತದ್ದು ಅದೇ ಮೊದಲು.

"ರೀ," ಎಂದಳು ಹೆಂಡತಿ, ಹತ್ತಿರ ಬಂದು. "ಇದು ನಮ್ಮ ಅಡುಗೆಮನೆ ಪರದೆ."

ಬೆಣ್ಣೆಕೈಗೆ ಆಗ ನೆನಪಾಯಿತು. ಹದಿನೆಂಟು ವರ್ಷದ ಹಿಂದೆ, ಮೋಡ ಮುಸುಕಿದ ದಿನ, ಇದೇ ಬಾಗಿಲಿನ ಲಾಕು ರಿಪೇರಿ, ಬಿಸಿಲಿಗೆ ಕಾಯದೆ ಮಂಡಿ ಒತ್ತಿ ಎಳೆದದ್ದು, ಲಟಕ್. ಬಿಸಿಲಿನ ಶಾಸ್ತ್ರ ಹುಟ್ಟಿದ್ದು ಅವತ್ತೇ. ಆದರೆ ಒಂದು ಮಾತನ್ನು ದಿನಕ್ಕೆ ಆರು ಸಲ ಹೇಳಿದರೆ ಕೇಳುವವರಿಗಿಂತ ಮೊದಲು ಹೇಳುವವನೇ ನಂಬುತ್ತಾನೆ.

"ಯಾರೋ ಬೇರೆಯವರು ಬಿಚ್ಚಿರಬೇಕು," ಎಂದು ಕತ್ತಲಲ್ಲಿ ಒಂದು ಕಲ್ಲು ಬೀಸಿ ನೋಡಿದ.

"ನಿಮ್ಮ ಕೈ ಬಿಟ್ರೆ ಈ ಬಾಗಿಲಿಗೆ ಇನ್ನೊಂದು ಕೈ ಬಿದ್ದಿಲ್ಲ," ಎಂದಳು ನರ್ಸಮ್ಮ. "ಅದಿರಲಿ, ಹದಿನೆಂಟು ವರ್ಷ ಅಲ್ಲಾಡಲಿಲ್ಲ. ನನ್ನ ಗಾಜು ಕೂರಿಸಿ."

ಪಟಾಕಿ ಮಾತ್ರ ‘ಅದಿರಲಿ’ ಅನ್ನಲಿಲ್ಲ. "ಬೀಡಿ ಸೇದಿ ಇದೇ ಪರದೆ ಸುಟ್ಟೆ ಅಂತ ನನ್ನನ್ನ ಮನೆಯಿಂದಲೇ ಓಡಿಸಿದ್ರಲ್ಲ ಭಾವ! ಅವತ್ತಿನವರೆಗೆ ನಾನು ಬೀಡಿ ಮುಟ್ಟಿರಲಿಲ್ಲ. ಹೇಗೂ ಹೆಸರು ಬಂತಲ್ಲ ಅಂತ ಆಮೇಲೆ ಶುರು ಮಾಡಿದ್ದು!"

"ಹದಿನೆಂಟು ವರ್ಷ ಒಡಹುಟ್ಟಿದವನನ್ನ ಬೈದೆನಲ್ಲಪ್ಪ," ಎಂದಳು ಹೆಂಡತಿ. ಗಂಡನ ಕಡೆ ನೋಡಲಿಲ್ಲ. ಕೂತು ಹೊಲಿಯುವ ಸ್ಟೂಲನ್ನು ಕಾಲಿನಿಂದ ಶೆಡ್ಡಿನ ಬಾಗಿಲಿಗೆ, ಬೋರ್ಡಿನ ಕೆಳಗೆ ತಳ್ಳಿದಳು, ಅಷ್ಟೇ. ತೀರ್ಪು ಬಂದಾಗಿತ್ತು.

ಬೆಣ್ಣೆಕೈ ಪ್ಯಾನಲ್ಲನ್ನು ಮೆತ್ತಗೆ ಗೋಣಿಯ ಮೇಲೆ ಮಲಗಿಸಿದ. ತಲೆ ಎತ್ತಿ ನೋಡುವಷ್ಟರಲ್ಲಿ ಪಟಾಕಿ ಸ್ಟೂಲು ಹತ್ತಿ, ಸ್ಕ್ರೂಡ್ರೈವರನ್ನು ಬೋರ್ಡಿನ ಅಂಚಿಗೆ ತೂರಿಸಲು ಹೊರಟಿದ್ದ.

"ಲೋ, ಇಳಿ ಕೆಳಗೆ!" ಎಂದು ಬೆಣ್ಣೆಕೈ ಗದರಿದ. "ಸೋತೋನು ನಾನು, ಇಳಿಸೋನೂ ನಾನೇ. ಅದೂ ಹಳೇ ಪ್ಲಾಸ್ಟಿಕ್ಕು, ಬೆಳಗ್ಗಿಂದ ನೆರಳಲ್ಲಿದೆ. ನೀನು ಕೈ ಹಾಕಿದ್ರೆ ‘ಮುರಿಯದೆ’ ಅನ್ನೋದೇ ಮೊದಲು ಮುರಿಯೋದು."