ನೀರುನಾಯಿ ಸುಂಕಿಯ ಉದ್ದ ಲೆನ್ಸು

ಬಳ್ಳಾರಿಯ ನಮ್ಮ ಜೀನ್ಸ್ ಕಾರ್ಖಾನೆಯಲ್ಲಿ ಸುಂಕಲಮ್ಮನ ಕಣ್ಣು ತಪ್ಪಿಸಿ ಒಂದು ಪ್ಯಾಂಟೂ ಹೊರಗೆ ಹೋಗುವುದಿಲ್ಲ. ಅವಳು ಚೆಕಿಂಗ್ ಮೇಜಿನವಳು. ಹೊಲಿದು ಬಂದ ಪ್ಯಾಂಟನ್ನು ಒಮ್ಮೆ ಜಾಡಿಸಿ ಹಿಡಿದರೆ ಸಾಕು, ಎಲ್ಲಿ ಹೊಲಿಗೆ ಬಿಟ್ಟಿದೆ, ಯಾವ ಜೇಬು ಒಂದೆಳೆ ಮೇಲೆ ಕೂತಿದೆ ಎಂದು ಹೇಳಿಬಿಡುತ್ತಾಳೆ. ಪಕ್ಕದ ಮೇಜಿನಲ್ಲಿ ಕೂತು ಹೆಚ್ಚುವರಿ ದಾರ ಕತ್ತರಿಸುವವಳು ನಾನು, ಶೀಲಾ. ಹನ್ನೊಂದು ವರ್ಷ ಅವಳಿಂದ ಬೈಸಿಕೊಂಡಿದ್ದೇನೆ. ಅವಳ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕು ನನಗಲ್ಲದೆ ಇನ್ಯಾರಿಗಿದೆ?

ಇಂಥ ಕಣ್ಣಿನವಳನ್ನು ಅವಳ ತವರೂರು ಮಾತ್ರ ಮೂವತ್ತು ವರ್ಷದಿಂದ ನಂಬಿಲ್ಲ. ತವರು ಸಿರುಗುಪ್ಪದ ಹತ್ತಿರ, ತುಂಗಭದ್ರೆಯ ದಡದ ಕೆಂಚನಗುಡ್ಡ. ಎಂಟು ವರ್ಷದವಳಿದ್ದಾಗ ಪುಳ್ಳೆ ಆಯಲು ಹೋಗಿ, ದಡದ ದಿಬ್ಬದ ಮೇಲಿಂದ ಅವಳು ಮೂರು ನೀರುನಾಯಿಗಳನ್ನು ಕಂಡಳು. ಹೊಳೆಯ ನಡುವಿನ ಬಂಡೆಯ ಮೇಲೆ ಕೂತು ಮೀನು ತಿನ್ನುತ್ತಿದ್ದವಂತೆ. ಅಲ್ಲಿನ ಮಡುವಿನಲ್ಲಿ ಮೊಸಳೆ ಇದೆಯೆಂದು ಮಕ್ಕಳನ್ನು ಯಾರೂ ನೀರಿಗಿಳಿಯಲು ಬಿಡುತ್ತಿರಲಿಲ್ಲ. ಪುಳ್ಳೆಯನ್ನೂ ಬಿಟ್ಟು ಮನೆಗೆ ಓಡಿಬಂದು ಕೂಗಿ ಕೂಗಿ ಹೇಳಿದಳು. ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಹೊಳೆಯ ದಾರಿಯಲ್ಲೇ ಅಣ್ಣ ಉಚ್ಚೆಂಗೆಪ್ಪ ಬಂದ. ನೀನೇನಾದರೂ ನೋಡಿದೆಯೇನೋ ಎಂದು ಅಪ್ಪ ಕೇಳಿದರೆ, "ಒಂದು ಒದ್ದಿ ನಾಯಿ ಮೈ ಝಾಡಿಸ್ಕೊಂತ ನಿಂತಿತ್ತಪ್ಪ. ಅದನ್ನ ನೋಡಿರಬೇಕು" ಎಂದ.

ಅಲ್ಲಿಗೆ ಮುಗಿಯಿತು. ಆವತ್ತಿನಿಂದ ಅವಳು ನೀರುನಾಯಿ ಸುಂಕಿ. ಬೆಳೆ ಹೇಗಿದೆ ಎಂದು ಹೇಳಿದರೂ "ನೀರನಾಯಿ ನೋಡಿದಂಗ ನೋಡೀಯೇನು?" ಎನ್ನುವವರು. ಅವಳ ಮದುವೆಯ ಬೀಗರೂಟದಲ್ಲೂ ಇದೇ ನಗೆ. ಹೇಳುವಾಗ ಅವಳೂ ನಗುತ್ತಾಳೆ, ಆದರೆ ಆ ನಗು ಕಣ್ಣಿನವರೆಗೆ ಬರುವುದಿಲ್ಲ. ಒಮ್ಮೆ ಊಟದ ಹೊತ್ತಿನಲ್ಲಿ ನನ್ನ ಕೈ ಹಿಡಿದು, "ಶೀಲಾ, ಈಗೀಗ ನನಗೂ ಅನುಮಾನ ಬರಾಕತ್ತೈತಿ. ನಾಯಿನ ಇತ್ತೇನೋ" ಎಂದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಅಣ್ಣ ಎದುರಿಗಿದ್ದರೆ ಕೈಯಲ್ಲಿದ್ದ ಕತ್ತರಿಗೆ ಒಳ್ಳೆಯ ಕೆಲಸ ಸಿಗುತ್ತಿತ್ತು.

ಹೋದ ವರ್ಷ ನಮ್ಮ ಯಜಮಾನರು ಪ್ಯಾಂಟುಗಳ ಫೋಟೋ ತೆಗೆದು ಮೊಬೈಲಿನಲ್ಲಿ ಮಾರಲು ಹೊಸ ಕ್ಯಾಮೆರಾ ತಂದರು. ನೀರುನಾಯಿಯ ಫೋಟೋ ತೆಗೆದು ಊರಿಗೆ ತೋರಿಸಬೇಕೆಂದು ಹಳೆಯದನ್ನು ಸುಂಕಲಮ್ಮ ಕೊಂಡುಕೊಂಡಳು. ತವರಿಗೆ ಒಯ್ದು ನೋಡಿದರೆ ಅದರ ಪುಟ್ಟ ಲೆನ್ಸಿನಲ್ಲಿ ಹೊಳೆಯ ಬಂಡೆ ಅಕ್ಕಿಕಾಳಿನಷ್ಟು ಕಂಡಿತು. ನೀರುನಾಯಿ ಕೂತಿದ್ದರೂ ಅಕ್ಕಿಯಲ್ಲಿ ಹುಳು ಹುಡುಕಿದ ಹಾಗೆಯೇ. ಉದ್ದ ಲೆನ್ಸೇ ಬೇಕು ಎಂದು ತೀರ್ಮಾನವಾದದ್ದು ಆಗ.

ಕುರುಗೋಡಿನಲ್ಲಿ ದೊಡ್ಡ ಬಸವಣ್ಣನ ಗುಡಿಯ ಬೀದಿಯಲ್ಲಿ ಮೈಲಾರಪ್ಪನವರ ಸ್ಟುಡಿಯೋ ಇದೆ. ಕಬಡ್ಡಿ ಪಂದ್ಯ, ಹಕ್ಕಿಪಕ್ಷಿ ಎಂದು ಬಿಸಿಲಲ್ಲಿ ಅಲೆದು ಕಪ್ಪಗಾದ ಮನುಷ್ಯ. ಅವರ ಬಳಿ ಮಾರಾಟಕ್ಕೆ ಎರಡು ಹಳೆಯ ಲೆನ್ಸುಗಳಿದ್ದವು. ಒಂದು ನಾನೂರರವರೆಗೆ ಹೋಗುವುದು, ಇನ್ನೊಂದು ಆರುನೂರರವರೆಗೆ. ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ. ಬೆಲೆ ಹೆಚ್ಚುಕಡಿಮೆ ಒಂದೇ. ಸುಂಕಲಮ್ಮ ಒಂದನ್ನು ಎತ್ತಿ ತಿರುಗಿಸಿ ನೋಡಿದರೆ ನಾನು ಇನ್ನೊಂದನ್ನು ಎತ್ತಿಕೊಂಡೆ. ಸೀರೆ ಅಂಗಡಿಯಲ್ಲೂ ನಾವಿಬ್ಬರು ಅಷ್ಟು ಸಂಭ್ರಮಪಟ್ಟಿದ್ದಿಲ್ಲ.

ಆಮೇಲೆ ಅವಳು ಮಾಡಿದ ಕೆಲಸವನ್ನು ಜೀನ್ಸ್ ಕಾರ್ಖಾನೆಯವಳಲ್ಲದೆ ಇನ್ನಾರೂ ಮಾಡಲಾರರು. ಚೀಲದಿಂದ ಒಂದು ಪ್ಯಾಂಟು ತೆಗೆದಳು. ಬೀದಿಯ ಆ ತುದಿಯಲ್ಲಿ ಯಾರದೋ ಮನೆಯ ಹಗ್ಗಕ್ಕೆ ಅದನ್ನು ನೇತುಹಾಕಿ ಬರಲು ನನ್ನನ್ನು ಓಡಿಸಿದಳು. ಅಂಗಡಿಯ ಮೇಜಿನ ಮೇಲೆ ಗೋಣಿಚೀಲ ಮಡಚಿಟ್ಟು, ಅದರ ಮೇಲೆ ಕ್ಯಾಮೆರಾ ಒರಗಿಸಿ, ಒಂದೊಂದೇ ಲೆನ್ಸು ಹಾಕಿ ನೋಡಿದಳು.

"ಶೀಲಾ! ಆರುನೂರರಾಗ ಹಿಂದಿನ ಜೇಬಿನ ಹೊಲಿಗಿ ಎಣಿಸಬೌದು! ಒಂದು ಕಡೀಗೆ ಬಿಟ್ಟೈತಿ ನೋಡು! ಯಾರು ಪಾಸ್ ಮಾಡ್ಯಾರ ಇದನ್ನ?"

"ನೀನ ಮಾಡೀಯಕ್ಕ," ಎಂದೆ.

ದೊಡ್ಡದೇ ಆಗಬೇಕು ಎಂದಳು. ಮೈಲಾರಪ್ಪ ತಲೆ ಕೆರೆದುಕೊಂಡರು. "ಯವ್ವಾ, ಪ್ಯಾಂಟು ಓಡಂಗಿಲ್ಲ. ನೀವು ಹೊಂಟಿದ್ದು ಓಡೋದರ ಹಿಂದ. ಒಂದೊಂದು ಭಾನುವಾರ ಒಂದೊಂದು ತಗೊಂಡು ಹೋಗ್ರಿ. ಆಮ್ಯಾಲ ಹೇಳ್ರಿ."

ನನಗೆ ಅವರ ಮಾತು ಸರಿ ಎನಿಸಿತು. ಸುಂಕಲಮ್ಮನಿಗೆ ಅವಮಾನ ಎನಿಸಿತು. ಹೊಲಿಗೆ ಎಣಿಸಿದ ಮೇಲೆ ಇನ್ನೇನು ಪರೀಕ್ಷೆ ಎಂದು ದಾರಿಯುದ್ದಕ್ಕೂ ಗೊಣಗಿದಳು.

ಮೊದಲ ಭಾನುವಾರ ಆರುನೂರರ ಸರದಿ. ಸಿರುಗುಪ್ಪದಲ್ಲಿ ಬಸ್ಸಿಳಿದು ಆಟೋ ಹಿಡಿಯುವಷ್ಟರಲ್ಲೇ ನನ್ನ ಹೆಗಲು ಬಿದ್ದುಹೋಗಿತ್ತು. ವರ್ಷ ತುಂಬಿದ ಕೂಸನ್ನು ಎತ್ತಿಕೊಂಡ ಹಾಗಿತ್ತು ಆ ಲೆನ್ಸಿನ ಚೀಲ. ದಿಬ್ಬದ ಜಾಲಿ ಗಿಡದ ಮರೆಯಲ್ಲಿ ಎರಡು ತಾಸು ಕಾದೆವು. ಆಮೇಲೆ, ಸುಳ್ಳು ಹೇಳುವುದಿಲ್ಲ, ಬಂಡೆಯ ಪಕ್ಕ ನೀರು ಅಲುಗಿತು, ಕರಿ ಚುಕ್ಕಿಯಂಥ ಏನೋ ಮೇಲೆ ಹತ್ತಿತು!

"ಅಕ್ಕಾ, ಅಲ್ಲಿ, ಅಲ್ಲಿ!"

"ಎಲ್ಲಿ? ಬರೇ ನೀರು ಕಾಣ್ತೈತಿ... ಬಂಡಿಗಲ್ಲು... ಮತ್ತ ನೀರು... ಶೀಲಾ, ಸಿಗವಲ್ದು ನೋಡ!"

ಅಷ್ಟು ಹತ್ತಿರಕ್ಕೆ ಎಳೆಯುವ ಲೆನ್ಸಿನಲ್ಲಿ ಅಂಗೈಯಗಲದ ಹೊಳೆಯಷ್ಟೇ ಕಾಣುತ್ತದೆ. ಅದೂ ಭಾರಕ್ಕೆ ನಡುಗುವ ಕೈಯಲ್ಲಿ. ಅವಳು ಹುಡುಕುವಷ್ಟರಲ್ಲಿ ಚುಕ್ಕಿಗಳು ನೀರಿಗೆ ಬಿದ್ದು ಮಾಯ. ನಲವತ್ತು ಫೋಟೋ ತೆಗೆದಿದ್ದಳು, ನಲವತ್ತರಲ್ಲೂ ನೀರು. ಒಂದರಲ್ಲಿ ಮಾತ್ರ ಮಸುಕಾದ ಬಾಲ. ಸಂಜೆ ತವರುಮನೆಯಲ್ಲಿ ಉಚ್ಚೆಂಗೆಪ್ಪ ಅದನ್ನು ಕಣ್ಣು ಕಿರಿದು ಮಾಡಿ ನೋಡಿ, "ನಾಯಿ ಬಾಲ ಛಲೋ ಬಂದೈತಿ ಬಿಡವ್ವ," ಎಂದ. ಅವಳು ಊಟ ಮಾಡದೆ ಬಸ್ಸು ಹತ್ತಿದಳು.

ಸೋಲು ಒಪ್ಪಿಕೊಳ್ಳುವ ಜಾತಿಯವಳಲ್ಲ. ನಾನೂರರ ಲೆನ್ಸು ತಂದ ಮೇಲೆ ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಮಹಡಿ ಹತ್ತತೊಡಗಿದಳು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಪಾರಿವಾಳಗಳ ಹಿಂದೆ ಬಿದ್ದಳು. ಮೊದಲು ಲೆನ್ಸಿನ ಉಂಗುರ ತಿರುಗಿಸಿ ದೂರ ಇಟ್ಟುಕೊಳ್ಳುವುದು, ಅಗಲವಾಗಿ ನೋಡಿ ಹಕ್ಕಿಯನ್ನು ಹಿಡಿಯುವುದು, ಆಮೇಲೆ ಉಂಗುರ ತಿರುಗಿಸಿ ಹತ್ತಿರಕ್ಕೆ ಎಳೆಯುವುದು. ಪ್ಯಾಂಟನ್ನು ಹಾಗೇ ಅಲ್ಲವೇ ನೋಡುವುದು, ಮೊದಲು ಇಡೀ ಪ್ಯಾಂಟು, ಆಮೇಲೆ ಹೊಲಿಗೆ ಎಂದು ಶುಕ್ರವಾರ ಅವಳಿಗೇ ಹೊಳೆಯಿತು. ಹೊಳೆದ ಖುಷಿಗೆ ನನ್ನ ಬೆನ್ನಿಗೊಂದು ಗುದ್ದಿದಳು. ಎರಡು ದಿನ ನೋವಿತ್ತು.

ಎರಡನೆಯ ಭಾನುವಾರ ಉಚ್ಚೆಂಗೆಪ್ಪನೂ ಬಂದ. ನಗಲಿಕ್ಕೆಂದೇ ಬಂದಿದ್ದ, ಗಿಡದ ನೆರಳಲ್ಲಿ ಟವೆಲು ಹಾಸಿ ಮಲಗಿದ. ಬಿಸಿಲೇರುವ ಮೊದಲೇ ನೀರು ಅಲುಗಿತು. ಒಂದು ತಲೆ, ಎರಡು, ನಾಲ್ಕು, ಐದು! ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಸುಂಕಲಮ್ಮನ ಬೆರಳು ಉಂಗುರದ ಮೇಲೆ ಮೆಲ್ಲಗೆ ತಿರುಗಿತು. ಕ್ಯಾಮೆರಾ ಟಕಟಕ ಎಂದಿತು. ಒಂದು ನೀರುನಾಯಿ ಬಂಡೆಯ ಮೇಲೆ ಎದ್ದು ಕೂತು, ಎರಡೂ ಕೈಯಲ್ಲಿ ಮೀನು ಹಿಡಿದು, ನಮ್ಮ ಕಡೆಗೇ ನೋಡುತ್ತ ತಿಂದಿತು. ಕ್ಯಾಮೆರಾದ ಪರದೆಯಲ್ಲಿ ಅದರ ಮೀಸೆ ಕಾಣುತ್ತಿತ್ತು. ಮೀನಿನ ಕಣ್ಣೂ ಕಾಣುತ್ತಿತ್ತು! ಆರುನೂರರಲ್ಲಿ ಇನ್ನೂ ದೊಡ್ಡದಾಗಿ ಬರುತ್ತಿತ್ತೇನೋ, ಆದರೆ ಬಂದದ್ದು ಇದರಲ್ಲಿ.

ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅಣ್ಣನನ್ನು ಎಬ್ಬಿಸಿ ಕ್ಯಾಮೆರಾದ ಹಿಂಬದಿಯ ಪರದೆಯನ್ನು ಅವನ ಮೂಗಿಗೆ ಹಿಡಿದಳು.

"ನೋಡಣ್ಣ. ಇದು ನಾಯೇನು?"

ಉಚ್ಚೆಂಗೆಪ್ಪ ನೋಡಿದ. ನಗಲಿಲ್ಲ. ಟವೆಲು ಮಡಚಿ ತೊಡೆಯ ಮೇಲಿಟ್ಟುಕೊಂಡ.

"ನಾಯಿ ಅಲ್ಲವ್ವ. ಆವತ್ತೂ ನಾಯಿ ಅಲ್ಲ."

"ಏನಂದಿ?"

"ನಿನಗಿಂತ ಮೊದ್ಲ ನಾನು ನೋಡಿದ್ದೆ. ಸಾಲಿ ತಪ್ಪಿಸಿ ಈ ಮಡುವಿನಾಗ ಗಾಳ ಹಾಕ್ಕೊಂಡು ಕುಂತಿದ್ದೆ. ನನ್ನ ಗಾಳದ ಮೀನ ಕಿತ್ಕೊಂಡು ತಿಂದ್ವು ಅವು. ನೋಡೀನಿ ಅಂದ್ರ ಮಡುವಿಗೆ ಯಾಕ ಹೋಗಿದ್ದಿ ಅಂತ ಅಪ್ಪ ಚರ್ಮ ಸುಲೀತಿದ್ದ. ಹಂಗಾಗಿ ನಾಯಿ ಅಂದೆ. ಆಮ್ಯಾಲ ಊರೆಲ್ಲ ನಗಾಕತ್ತಿತು, ಹೇಳಾಕ ಬಾಯಿ ಬರಲಿಲ್ಲ."

ಮೂವತ್ತು ವರ್ಷ! ಒಂದು ಹೊಡೆತ ತಪ್ಪಿಸಿಕೊಳ್ಳಲು ಮೂವತ್ತು ವರ್ಷ! ಅವಳು ಬೈಯುತ್ತಾಳೆ, ಎತ್ತಿ ಒಗೆಯುತ್ತಾಳೆ ಎಂದು ನಾನು ಕ್ಯಾಮೆರಾಕ್ಕೆ ಕೈ ಚಾಚಿದೆ. ಅವಳು ಕೊಡಲಿಲ್ಲ. ಕಣ್ಣು ಒರೆಸಿಕೊಂಡು, ಶಾಂತವಾಗಿ, "ಕಿವಿ ಹಿಡ್ಕೊ. ಫೋಟೋ ತೆಗೀತೀನಿ. ಊರಿಗೆ ತೋರಸ್ತೀನಿ" ಎಂದಳು.

ನಲವತ್ತೈದರ ಹತ್ತಿರದ ಗಂಡಸು ಎರಡೂ ಕೈಯಲ್ಲಿ ಎರಡೂ ಕಿವಿ ಹಿಡಿದು ನಿಂತ.

"ಬರೇ ಮೂಗು ಕಾಣ್ತೈತಿ. ಹಿಂದಕ ಹೋಗು."

ಹೋದ. ದಿಬ್ಬ ಇಳಿದ.

"ಈಗ ಮುಖ ಅಷ್ಟ ಬಂತು. ಇನ್ನೂ ಹಿಂದಕ."

ಉಂಗುರ ಒಂದಿಷ್ಟು ತಿರುಗಿಸಿದ್ದರೆ ಅಣ್ಣ ಅಲ್ಲಿಯೇ ಪೂರ್ತಿ ಹಿಡಿಸುತ್ತಿದ್ದ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ತಿರುಗಿಸಲಿಲ್ಲ, ನಾನೂ ಹೇಳಲಿಲ್ಲ. ಉಚ್ಚೆಂಗೆಪ್ಪ ಕಿವಿ ಬಿಡದೆ ಹಿಂದೆ ಹಿಂದೆ ನಡೆದ. ಮರಳು ದಾಟಿದ, ಪಾದ ಮುಳುಗಿತು, ಮೊಣಕಾಲು ಮುಳುಗಿತು. ಅವನ ಬೆನ್ನ ಹಿಂದೆ ನೀರು ಗುಳುಕ್ ಎಂದಿತು.

"ಸುಂಕೀ! ಮೊಸಳಿ ಬಂತು ಕಾಣಸ್ತೈತಿ!"

ಸುಂಕಲಮ್ಮ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

"ಮೊಸಳಿ ಅಲ್ಲಪ್ಪ. ಒದ್ದಿ ನಾಯಿ ಇರಬೇಕು," ಎಂದಳು.